ಫಲಕ ಹಾಕಿದರೆ ಪ್ರಶಸ್ತಿ ಸಿಕ್ಕೀತೇ?

ಪ್ರಶ್ನೆ: ಬನಹಟ್ಟಿಯ ಹಳೆಯ ನೇಕಾರರ ಮನೆಯೊಂದರಲ್ಲಿ ಕುಣಿಮಗ್ಗ, ಮಾಹಿತಿ ಫಲಕ ಇಟ್ಟು ಪ್ರವಾಸಿಗರಿಗೆ ವಿವರಿಸುತ್ತೇವೆ. ಯುನೆಸ್ಕೊ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಗೆ ಅರ್ಜಿ ಹಾಕಬಹುದೇ?

ಉತ್ತರ: ಬರೀ ಫಲಕ, ವಿವರಣೆ ಸಾಲದು, ಅದು ಕಟ್ಟಡ ಸಂರಕ್ಷಣೆಗೆ ಕೊಡುವ ಪ್ರಶಸ್ತಿ. ಮನೆಗೆ 50 ವರ್ಷ ದಾಟಿರಬೇಕು, ದುರಸ್ತಿ ಕಳೆದ 10 ವರ್ಷಗಳೊಳಗೆ ಮುಗಿದು, ಕನಿಷ್ಠ ಒಂದು ವರ್ಷ ಬಳಕೆಯಲ್ಲಿರಬೇಕು. ಈ ವರ್ಷದ ನಿಯಮಾವಳಿಯನ್ನೂ ಓದಿಕೊಳ್ಳಿ.

ದುರಸ್ತಿಯೇ ಆಗಿಲ್ಲವೆಂದರೆ ವಿವರಣೆಗೇ ಮೀಸಲಾದ ಪ್ರಶಸ್ತಿ ಹುಡುಕಿ. ಪರಂಪರೆ ತಾಣಗಳ ವಿವರಣೆ ಕುರಿತು ಇಕೊಮೊಸ್ (ಸ್ಮಾರಕ ಮತ್ತು ತಾಣಗಳ ಅಂತರರಾಷ್ಟ್ರೀಯ ಮಂಡಳಿ) ಹೊರತಂದ 2008ರ ಸನ್ನದನ್ನು ಅಳತೆಗೋಲಾಗಿಸಿಕೊಳ್ಳಿ: ಮಾಹಿತಿಗೆ ಆಧಾರವೇನು, ಸ್ಥಳೀಯರ ಪಾಲೆಷ್ಟು? ಲಾಳಿ ಎಸೆಯುವ ನೇಕಾರರೇ ಸೀರೆಯ ಅಂಚು ವಿವರಿಸುವ ವಿಡಿಯೊ, ಮೊದಲಿನ ಮತ್ತು ಈಗಿನ ಚಿತ್ರಗಳು, ಸಂದರ್ಶಕರ ದಾಖಲೆ ಲಗತ್ತಿಸಿ.

ಮನೆಯ ಮಾಲೀಕರ, ನೇಕಾರರ ಲಿಖಿತ ಒಪ್ಪಿಗೆ ಮೊದಲೇ ಪಡೆಯಿರಿ. ಒಡೆತನದ ತಕರಾರಿದ್ದರೆ ವಕೀಲರನ್ನು, ಗೋಡೆ ಬಿರುಕು ಬಿಟ್ಟಿದ್ದರೆ ಸಂರಕ್ಷಣಾ ವಾಸ್ತುಶಿಲ್ಪಿಯನ್ನು ಕಾಣಿ.