ಔಷಧಿ ಚೀಟಿ ಒಂದು, ಕೌಂಟರ್ ಎರಡು

ಸಿದ್ದಾಪುರದ ಸುತ್ತಮುತ್ತ ಆಸ್ಪತ್ರೆಗಳಿಗೇನೂ ಬರ ಇಲ್ಲ. ಒಂದು ಕಡೆ ನಿಮ್ಹಾನ್ಸ್, ಕಿದ್ವಾಯಿ; ಇನ್ನೊಂದು ಕಡೆ ಜಯನಗರ ಜನರಲ್ ಆಸ್ಪತ್ರೆ, ಜಯದೇವ. ಮೆಡಿಕಲ್ ಶಾಪ್‌ಗಳಂತೂ ಬೀದಿಗೊಂದು. ಆದರೆ ಆಸ್ಪತ್ರೆಯಲ್ಲಿ ಬರೆದದ್ದು ಅಂಗಡಿಯವರಿಗೆ ಪೂರ್ತಿ ಗೊತ್ತಿರಲ್ಲ, ಅಂಗಡಿಯಲ್ಲಿ ಕೊಂಡದ್ದು ಆಸ್ಪತ್ರೆಗೆ ಗೊತ್ತಾಗಲ್ಲ. ಇವೆರಡರ ನಡುವೆ ಓಡಾಡುವ ಡೇಟಾಬೇಸ್ ಅಂದರೆ ರೋಗಿಯ ಕೈಯಲ್ಲಿರುವ ಪ್ಲಾಸ್ಟಿಕ್ ಕವರ್!

ಇದರಿಂದೇನು ತೊಂದರೆ? ಒಂದು ಉದಾಹರಣೆ ತಗೊಳ್ಳೋಣ. ಹೃದಯದ ಕವಾಟ ಬದಲಿಸಿಕೊಂಡವರೊಬ್ಬರು ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ತಗೋತಿದ್ದಾರೆ. ಮಂಡಿ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತರಿಸ್ತಾರೆ. ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಮಾಹಿತಿ ಇತ್ತು, ಬೇಕಾದ ಕೌಂಟರ್‌ನಲ್ಲಿ ಇರಲಿಲ್ಲ, ಅಷ್ಟೇ.

ಹಾಗಂತ ಅಂಗಡಿಗಳಲ್ಲಿ ದಾಖಲೆಯೇ ಇಲ್ಲ ಅನ್ನೋ ಹಾಗಿಲ್ಲ. ಕೆಲವು ಆಂಟಿಬಯಾಟಿಕ್, ಕ್ಷಯದ ಔಷಧಿ, ಚಟ ಹಿಡಿಸಬಲ್ಲ ಔಷಧಿಗಳು ಷೆಡ್ಯೂಲ್ ಎಚ್1ರಲ್ಲಿವೆ. ಮಾರ್ಚ್ 2014ರಿಂದ ಇವನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಆದರೆ ಅದು ತಪಾಸಣೆಗೆ ಬರುವ ಅಧಿಕಾರಿಗಾಗಿ ಇಟ್ಟ ಪುಸ್ತಕ; ಮುಂದಿನ ವೈದ್ಯರ ಕಣ್ಣಿಗೆ ಬೀಳಲ್ಲ.

ಇವೆರಡನ್ನೂ ಜೋಡಿಸಬೇಕಾದರೆ ನಾವು ಮೂರು ಪ್ರಶ್ನೆ ಬಿಡಿಸಬೇಕು.

ಮೊದಲನೆಯದು, ರೋಗಿ ಯಾರು? ಮಂಜುನಾಥ ಅನ್ನೋ ಹೆಸರಿನವರು ಒಂದೇ ರಸ್ತೆಯಲ್ಲಿ ನಾಲ್ಕು ಜನ ಸಿಗ್ತಾರೆ. ಇದಕ್ಕೇ 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಯ ಆಭಾ ಸಂಖ್ಯೆ ಕೊಡುತ್ತೆ.

ಎರಡನೆಯದು, ಔಷಧಿ ಯಾವುದು? ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಮೂರರಲ್ಲೂ ಇರುವುದು ಪ್ಯಾರಾಸಿಟಮಾಲ್. ಬ್ರ್ಯಾಂಡ್ ಹೆಸರನ್ನಷ್ಟೇ ಓದುವ ಪ್ರೋಗ್ರಾಂ ಇವನ್ನು ಮೂರು ಬೇರೆ ಔಷಧಿ ಅಂದುಕೊಳ್ಳುತ್ತೆ. ಆದ್ದರಿಂದ ಸ್ನೋಮೆಡ್ ಸಿಟಿಯಂಥ ಸಮಾನ ಸಂಕೇತ, ಫೈರ್‌ನಂಥ ಸಮಾನ ವಿನ್ಯಾಸ ಬೇಕು.

ಮೂರನೆಯದು, ನೋಡಲು ಅನುಮತಿ ಕೊಟ್ಟವರು ಯಾರು? ಮಿಷನ್‌ನ ವಿನ್ಯಾಸದಲ್ಲಿ ದಾಖಲೆಗಳೆಲ್ಲ ಒಂದೇ ಕಡೆ ಗುಡ್ಡೆ ಬೀಳಲ್ಲ; ಹುಟ್ಟಿದ ಜಾಗದಲ್ಲೇ ಇರುತ್ತವೆ. ಯಾರಿಗೆ, ಯಾವ ದಾಖಲೆ, ಯಾಕೆ, ಎಷ್ಟು ದಿನ ಅಂತ ರೋಗಿ ಒಪ್ಪಿದ ಮೇಲಷ್ಟೇ ಗೂಢಲಿಪಿಯಲ್ಲಿ ಕಳಿಸಲಾಗುತ್ತೆ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂಬಹುದು.

ನಿಜವಾದ ಕಷ್ಟ ಇಲ್ಲೇ ಇದೆ. ಮಾನಸಿಕ ಚಿಕಿತ್ಸೆ ಪಡೀತಿರುವ ಹುಡುಗಿಯ ಮಾತ್ರೆಪಟ್ಟಿ ಬೀದಿ ಕೊನೆಯ ಅಂಗಡಿಯವರಿಗೆ ಕಾಣಬೇಕಾ? ಅವರು ಅವಳ ಅಪ್ಪನಿಗೂ ಪರಿಚಯದವರೇ. ಗೋಪ್ಯತೆ ರೋಗಿಯ ಹಕ್ಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತೆ. ಮುಚ್ಚಿಟ್ಟರೆ ಔಷಧಿಗಳ ಘರ್ಷಣೆ ತಿಳಿಯಲ್ಲ, ಬಿಚ್ಚಿಟ್ಟರೆ ಅವಳ ಮಾನದ ಪ್ರಶ್ನೆ.

ನಮ್ಮ ಪ್ರಕಾರ ಅಂಗಡಿಗೆ ಇಡೀ ಪಟ್ಟಿ ಬೇಡ. ಕೌಂಟರ್‌ನಲ್ಲಿ ಹೊಸ ಔಷಧಿಯ ಹೆಸರು ಹೊಡೆದಾಗ "ಇದನ್ನು ಕೊಡಬೇಡಿ, ವೈದ್ಯರನ್ನು ಕೇಳಿ" ಅನ್ನುವ ಎಚ್ಚರಿಕೆಯಷ್ಟೇ ಬಂದರೂ ಬಹುಪಾಲು ಕೆಲಸ ಆಯ್ತು. ಎಚ್ಚರಿಕೆಯಿಂದಲೂ ಒಂದಿಷ್ಟು ಊಹೆ ಮಾಡಬಹುದು, ನಿಜ; ಆದರೂ ಪೂರ್ತಿ ಪಟ್ಟಿ ತೋರಿಸೋದಕ್ಕಿಂತ ಎಷ್ಟೋ ವಾಸಿ. ಅಂತಿಮ ವರ್ಷದ ಪ್ರಾಜೆಕ್ಟ್ ಹುಡುಕ್ತಿರುವ ಗೆಳೆಯರೇ, ಇದನ್ನೊಮ್ಮೆ ಯೋಚಿಸಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡೋಣ. ಮನೆಯಲ್ಲಿ ಅಜ್ಜ-ಅಜ್ಜಿ ತಗೊಳ್ಳುವ ಔಷಧಿಗಳ ರಾಸಾಯನಿಕ ಹೆಸರು, ಪ್ರಮಾಣ, ಅಲರ್ಜಿ ಇದ್ದರೆ ಅದನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಪರ್ಸಿನಲ್ಲಿಡೋಣ. ಇದಕ್ಕೆ ಸರ್ವರ್ ಬೇಡ, ಹತ್ತು ನಿಮಿಷ ಸಾಕು.