ಬಾಳಿಕೆಯ ಕಾಂಕ್ರೀಟು

ಮಕ್ಕಳೇ, ನಿಮ್ಮ ಊರಿನಲ್ಲಿ ಮನೆ ಕಟ್ಟುವುದನ್ನು ನೋಡಿದ್ದೀರಲ್ಲವೇ? ಸಿಮೆಂಟು, ಮರಳು, ಜಲ್ಲಿ, ನೀರು ಇವುಗಳನ್ನು ಹದವಾಗಿ ಕಲಸಿದರೆ ಕಾಂಕ್ರೀಟು ಸಿದ್ಧವಾಗುತ್ತದೆ. ಕಬ್ಬಿಣದ ಕಂಬಿಗಳನ್ನು ಕಟ್ಟಿ, ಅವುಗಳ ಸುತ್ತ ಕಾಂಕ್ರೀಟನ್ನು ಸುರಿದು ಕಂಬ, ತೊಲೆ, ಛಾವಣಿಗಳನ್ನು ಮಾಡುತ್ತಾರೆ.

ಕೆಲವು ಛಾವಣಿಗಳು ಬೇಗನೆ ಬಿರುಕು ಬಿಡುತ್ತವೆ. ಏಕೆ ಗೊತ್ತೆ? ಕಾಂಕ್ರೀಟಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ರಂಧ್ರಗಳಿವೆ. ಅವುಗಳ ಮೂಲಕ ನೀರು, ಗಾಳಿ ಒಳಗೆ ಇಳಿಯುತ್ತವೆ. ಸಮುದ್ರ ತೀರದಲ್ಲಾದರೆ ಉಪ್ಪೂ ಇಳಿಯುತ್ತದೆ. ಆಗ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿಕೊಂಡು ಕಾಂಕ್ರೀಟನ್ನು ಸೀಳುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಕಟ್ಟಿದ ಮನೆ ಹೀಗೆ ಹಾಳಾದರೆ ಎಷ್ಟು ನಷ್ಟ!

ಇನ್ನೊಂದು ತೊಂದರೆಯೂ ಇದೆ. ಸಿಮೆಂಟು ಕಾರ್ಖಾನೆಯಲ್ಲಿ ಸುಣ್ಣದ ಕಲ್ಲನ್ನೂ ಜೇಡಿಮಣ್ಣನ್ನೂ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಆಗ ದೊರೆಯುವ ಗಟ್ಟಿ ಉಂಡೆಗಳಿಗೆ ಕ್ಲಿಂಕರ್ ಎಂದು ಹೆಸರು. ಉರಿಯುವ ಕಲ್ಲಿದ್ದಲಿನಿಂದಲೂ, ಬೇಯುವ ಸುಣ್ಣದ ಕಲ್ಲಿನಿಂದಲೂ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಇದು ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ.

ಮನೆಯೂ ಬಾಳಬೇಕು, ಭೂಮಿಯೂ ತಂಪಾಗಿರಬೇಕು. ಇದಕ್ಕೆ ಉಪಾಯವೇನು? ನಮ್ಮ ರಾಜಧಾನಿ ಚೆನ್ನೈಯಲ್ಲಿ 1959ರಲ್ಲಿ ಆರಂಭವಾದ ಐ.ಐ.ಟಿ. ಮದ್ರಾಸ್ ಎಂಬ ವಿದ್ಯಾಸಂಸ್ಥೆ ಇದೆ. ಅಲ್ಲಿನ ಸಂಶೋಧಕರ ತಂಡ ದೆಹಲಿ, ಮುಂಬಯಿ, ಸ್ವಿಟ್ಜರ್ಲೆಂಡ್ ಮತ್ತು ಕ್ಯೂಬಾದ ಸಂಶೋಧಕರೊಡನೆ ಸೇರಿ ಹೊಸ ಬಗೆಯ ಸಿಮೆಂಟನ್ನು ಪರೀಕ್ಷಿಸಿತು. ಅದರ ಹೆಸರು ಎಲ್‌ಸಿ3.

ಇದರ 100 ಕಿಲೋ ಸಿಮೆಂಟಿನಲ್ಲಿ ಸುಮಾರು 50 ಕಿಲೋ ಮಾತ್ರ ಕ್ಲಿಂಕರ್. ಉಳಿದುದರಲ್ಲಿ 30 ಕಿಲೋ ಸುಟ್ಟ ಜೇಡಿಮಣ್ಣು, 15 ಕಿಲೋ ಸುಡದ ಸುಣ್ಣದ ಕಲ್ಲಿನ ಪುಡಿ, 5 ಕಿಲೋ ಜಿಪ್ಸಮ್. ಜೇಡಿಮಣ್ಣನ್ನು ಸುಡಲು ಸುಮಾರು 800 ಡಿಗ್ರಿ ಶಾಖ ಸಾಕು. ಆದ್ದರಿಂದ ಸಾಮಾನ್ಯ ಸಿಮೆಂಟಿಗಿಂತ ಶೇಕಡಾ 30ರಿಂದ 40ರಷ್ಟು ಕಡಿಮೆ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ.

ಇದು ಗಟ್ಟಿಯೇ? ಸಂಶೋಧಕರು ಕಾಂಕ್ರೀಟಿನ ಅಚ್ಚುಗಳನ್ನು ಮಾಡಿ ಯಂತ್ರದಲ್ಲಿ ಒತ್ತಿ ನೋಡುತ್ತಾರೆ. ಉಪ್ಪು ಎಷ್ಟು ಒಳಗೆ ಇಳಿಯಿತೆಂದು ಅಳೆಯುತ್ತಾರೆ. ಎಲ್‌ಸಿ3 ಕಾಂಕ್ರೀಟಿನ ರಂಧ್ರಗಳು ತೀರ ಸಣ್ಣವು. ಹೀಗಾಗಿ ಉಪ್ಪು ಸುಲಭವಾಗಿ ಕಂಬಿಯನ್ನು ತಲುಪಲಾರದು. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಈ ಬಗೆಯ ಸಿಮೆಂಟಿಗೆ ಮಾನಕವನ್ನು ಪ್ರಕಟಿಸಿತು.

ಸುಟ್ಟ ಮಣ್ಣಿನ ಗುಣ ನಮ್ಮ ಹಿರಿಯರಿಗೂ ತಿಳಿದಿತ್ತು. ಅವರು ಸುಣ್ಣದ ಗಾರೆಗೆ ಇಟ್ಟಿಗೆಯ ಪುಡಿಯನ್ನು ಬೆರೆಸುತ್ತಿದ್ದರು.

ಎಂತಹ ಒಳ್ಳೆಯ ಸಿಮೆಂಟಾದರೂ ನೀರುಣಿಸದಿದ್ದರೆ ಗಟ್ಟಿಯಾಗದು. ಹೊಸ ಕಾಂಕ್ರೀಟನ್ನು ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದಾದರೆ 10 ದಿನ ಒದ್ದೆಯಾಗಿ ಇಡಬೇಕು. ನಿಮ್ಮ ಮನೆಯಲ್ಲಿ ಕಟ್ಟಡದ ಕೆಲಸ ನಡೆದರೆ ಹಿರಿಯರಿಗೆ ಇದನ್ನು ನೆನಪಿಸಿರಿ.

ಪದಗಳ ಅರ್ಥ
ಬಾಳಿಕೆ – ಬಹುಕಾಲ ಉಳಿಯುವ ಗುಣ
ರಂಧ್ರ – ತೂತು
ಮಾನಕ – ಗುಣಮಟ್ಟದ ಅಳತೆ

ಅಭ್ಯಾಸ
1. ಕಂಬಿಗೆ ತುಕ್ಕು ಹಿಡಿದರೆ ಕಾಂಕ್ರೀಟು ಏಕೆ ಸೀಳುತ್ತದೆ?
2. ಎಲ್‌ಸಿ3 ಸಿಮೆಂಟಿನಲ್ಲಿ ಏನೇನು ಇರುತ್ತದೆ?
3. ನಿಮ್ಮ ಊರಿನ ಮೇಸ್ತ್ರಿಯವರನ್ನು ಕಂಡು, ಕಾಂಕ್ರೀಟಿಗೆ ಎಷ್ಟು ದಿನ ನೀರುಣಿಸುತ್ತಾರೆಂದು ಕೇಳಿ ಬರೆಯಿರಿ.