ಪಾತ್ರಗಳಿಂದ ವರದಿ ಒಪ್ಪಿಸಬೇಡಿ

ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಹೊಸಬರು ಬರೆಯುವ ಕಥೆಗಳಲ್ಲಿ ವಸ್ತುವಿಗೆ ಬರವಿಲ್ಲ. ಕಥೆ ಕೈಕೊಡುವುದು ವರ್ಣನೆ ಮತ್ತು ಸಂಭಾಷಣೆಯಲ್ಲಿ. ಕರಡು ಮುಗಿದ ಮೇಲೆ ಹೀಗೆ ತಿದ್ದಿ.

1. ಮೊದಲ ಪ್ಯಾರಾ ಹೊಡೆದುಹಾಕಿ ನೋಡಿ

ತಂಗಾಳಿ, ಹಕ್ಕಿಗಳ ಕಲರವ, ಹೊಂಬಣ್ಣದ ಸಂಜೆ ತೆಗೆದರೆ ಕಥೆಗೇನಾದರೂ ನಷ್ಟವೇ? ಇಲ್ಲವಾದರೆ ಬೇಡ. ಮಳೆಯಿಂದ ಯಾರದಾದರೂ ಬಸ್ಸು ತಪ್ಪುವುದಿದ್ದರೆ ಮಳೆ ಇರಲಿ.

2. ನೋಡುವವರು ಯಾರು?

ಅಂಗಳದಲ್ಲಿ ಅಡಿಕೆ ಹರವಿದೆ. ವ್ಯಾಪಾರಿ ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ. ಯಜಮಾನನ ಕಣ್ಣು ಮೋಡದ ಮೇಲೆ. ಸುಲಿದ ಹೆಂಗಸಿಗೆ ಕಾಣುವುದು ಕರೆ ಹಿಡಿದ ತನ್ನ ಬೆರಳುಗಳು. ಮೂವರಲ್ಲಿ ಒಬ್ಬರನ್ನು ಆರಿಸಿ, ಅವರಿಗೆ ಕಂಡದ್ದನ್ನಷ್ಟೇ ಬರೆಯಿರಿ. ಎರಡು ಮೂರು ವಿವರ ಸಾಕು. ಒಂದಾದರೂ ವಾಸನೆಯದೋ ಸದ್ದಿನದೋ ಆಗಿರಲಿ. ‘ಸುಂದರ’, ‘ಭವ್ಯ’ ಎಂಬ ಪದಗಳು ಓದುಗರಿಗೆ ಏನನ್ನೂ ತೋರಿಸುವುದಿಲ್ಲ.

3. ಗೊತ್ತಿದ್ದದ್ದನ್ನೇ ಹೇಳಿಸಬೇಡಿ

ಅತಿ ಹೆಚ್ಚು ಕಥೆಗಳು ಕೆಡುವುದು ಇಲ್ಲಿಯೇ. ಈ ಮಾತು ನೋಡಿ:

“ತಮ್ಮಾ, ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ನೀನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೀಯ. ನಾನು ಎರಡು ಎಕರೆ ನೋಡಿಕೊಂಡು ಇಲ್ಲೇ ಇದ್ದೇನೆ. ಈಗ ಪಾಲು ಕೇಳುವುದು ಸರಿಯೇ?”

ಅಪ್ಪ ಸತ್ತದ್ದು ತಮ್ಮನಿಗೆ ಗೊತ್ತಿಲ್ಲವೇ? ಅಣ್ಣ ಮಾತಾಡುತ್ತಿರುವುದು ತಮ್ಮನೊಡನೆ ಅಲ್ಲ, ಓದುಗರೊಡನೆ. ಅದನ್ನೇ ಹೀಗೆ ಬರೆಯಬಹುದು:

“ಕೈಕಾಲು ತೊಳ್ಕೊಂಡ್ ಬಾ. ಅತ್ತಿಗೆ ರೊಟ್ಟಿ ಹಾಕ್ತಾಳೆ.”

“ಊಟ ದಾರೀಲೇ ಆಯ್ತಣ್ಣ. ಪಹಣಿ ಎಲ್ಲಿಟ್ಟಿದೀಯ?”

ಬಾಗಿಲ ಬಳಿ ಬಿಟ್ಟಿದ್ದ ತಮ್ಮನ ಹೊಸ ಬೂಟುಗಳನ್ನು ಅಣ್ಣ ನೋಡಿದ. “ಅಪ್ಪನ ಟ್ರಂಕಲ್ಲಿದೆ. ಬೀಗದ ಕೈ ಅವ್ವನ ಹತ್ರ.”

ಪಾಲಿನ ಮಾತನ್ನು ಯಾರೂ ಎತ್ತಿಲ್ಲ. ಆದರೂ ತಮ್ಮ ಬಂದದ್ದೇಕೆ, ಅಣ್ಣನಿಗೆ ಏನು ಚುಚ್ಚಿತು, ಮುಂದೆ ಯಾರನ್ನು ಕೇಳಬೇಕು ಎಲ್ಲವೂ ತಿಳಿಯಿತು. ವರ್ಣನೆಯೂ ಸಂಭಾಷಣೆಯೊಳಗೇ ಬಂತು. ಬೂಟುಗಳಿಗೆ ಬೇರೆ ಪ್ಯಾರಾ ಬೇಕಾಗಲಿಲ್ಲ. ನಿಮ್ಮ ಕರಡಿನ ಪ್ರತಿ ಮಾತಿನ ಪಕ್ಕದಲ್ಲೂ ‘ಕೇಳುವವನಿಗೆ ಇದು ಮೊದಲೇ ಗೊತ್ತೇ?’ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ಗೊತ್ತಿದ್ದರೆ ಹೊಡೆದುಹಾಕಿ. ಅಷ್ಟು ಅಗತ್ಯದ ಸಂಗತಿಯಾದರೆ ನಿರೂಪಣೆಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿ.

4. ನಿಮ್ಮ ಸೀಮೆಯ ಮಾತೇ ಇರಲಿ

ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನೂ ವೈದೇಹಿಯವರ ಕುಂದಾಪುರದ ಹೆಂಗಸರೂ ನಂಬಿಕೆ ಹುಟ್ಟಿಸುವುದು ಆ ನುಡಿ ಲೇಖಕರ ಕಿವಿಯಲ್ಲೇ ಇದ್ದುದರಿಂದ. ಸಿನಿಮಾ ನೋಡಿ ಧಾರವಾಡದ ಮಾತು ಬರೆಯಲು ಹೋಗಬೇಡಿ. ಅಲ್ಲಿಯವರು ಎರಡನೇ ಸಾಲಿಗೇ ಹಿಡಿಯುತ್ತಾರೆ. ಪ್ರತಿ ಉಚ್ಚಾರವನ್ನೂ ಬರಹಕ್ಕಿಳಿಸುವುದೂ ಬೇಡ, ಓದು ತೊಡರುತ್ತದೆ.

5. ಕೊನೆಯ ಸುತ್ತು

‘ಘರ್ಜಿಸಿದನು’, ‘ಉಸುರಿದಳು’ ಬಿಡಿ. ‘ಎಂದ’, ‘ಎಂದಳು’ ಸಾಕು. ಇಡೀ ಕಥೆಯನ್ನು ಗಟ್ಟಿಯಾಗಿ ಓದಿ. ನಾಲಿಗೆ ಎಡವಿದ ಕಡೆ ತಿದ್ದಿ. ಪದಮಿತಿ ನೋಡಿಕೊಳ್ಳಿ. ಕಳುಹಿಸುವ ಮೊದಲು ಮೂರನೇ ಹಂತವನ್ನು ದಯವಿಟ್ಟು ಇನ್ನೊಮ್ಮೆ ಮಾಡಿ.